ನೂರ ನಲವತ್ತೇಳನೆಯ ಲೆಕ್ಕ

ಸ್ತಾರೊ ಬ್ರೆಸ್ಟೊವೊ
೫ ಜೂನ್ ೨೦೧೭

ಮಾನ್ಯ ಸಹೋದ್ಯೋಗಿ ಶ್ರೀಮತಿ ಬಿಸ್ತ್ರಾ ದೊಂಚೆವಾ ಅವರಿಗೆ,

ನಮ್ಮ ಗಣಿತ ಶಿಕ್ಷಕರ ಸಂಘದ ಪದ್ಧತಿ ತಮಗೆ ಗೊತ್ತೇ ಇದೆ. ವರ್ಷದ ಕೊನೆಗೆ ಒಬ್ಬೊಬ್ಬರೂ ತಂತಮ್ಮ ಶಾಲೆಯ ಸಮಾಚಾರ ಬರೆದು, ಆ ವರ್ಷ ಹೊಸದಾಗಿ ಬಳಸಿದ ಪಾಠೋಪಕರಣಗಳ ಪಟ್ಟಿ ಕಳಿಸಬೇಕು. ಅವನ್ನೆಲ್ಲ ಕೂಡಿಸಿ ಒಂದು ಪುಟ್ಟ ಪುಸ್ತಕ ಮಾಡುವ ಸರದಿ ಈ ಸಲ ನನ್ನ ತಲೆಗೆ ಬಂದಿದೆ. ನಿವೃತ್ತರೂ ಬರೆಯಬಹುದು ಅಂತ ನಿಯಮದಲ್ಲಿದೆ. ಹಾಗಾಗಿ ತಮಗೂ ಬರೆಯುತ್ತಿದ್ದೇನೆ, ಬೇರೆ ಯಾವ ಕಾರಣವೂ ಇಲ್ಲ.

ಫೋನು ಮಾಡಬಹುದಿತ್ತು. ಆದರೆ ಒಂಬತ್ತು ವರ್ಷದಿಂದ ನನ್ನ ನಂಬರು ಕಂಡರೆ ತಾವು ಎತ್ತುವುದಿಲ್ಲ.

ಮಾದರಿಗೆ ನನ್ನ ವರದಿಯನ್ನೇ ಹೇಳುತ್ತೇನೆ. ಹನ್ನೊಂದನೆಯ ತರಗತಿಗೆ ದೀರ್ಘವೃತ್ತ ತಲೆಗೆ ಹತ್ತುತ್ತಿರಲಿಲ್ಲ. ಒಣಗಿಸಿದ ಸಾಸೇಜು, ಒಂದು ಚಾಕು ತಗೊಂಡು ಹೋದೆ. ನೆಟ್ಟಗೆ ಕತ್ತರಿಸಿದರೆ ವೃತ್ತ, ಓರೆ ಮಾಡಿ ಕತ್ತರಿಸಿದರೆ ದೀರ್ಘವೃತ್ತ. ಇನ್ನಷ್ಟು ಓರೆ ಮಾಡಿದರೆ ಇನ್ನಷ್ಟು ಉದ್ದ. ಇಡೀ ತರಗತಿ ಮೊಟ್ಟಮೊದಲ ಸಲ "ಇನ್ನೊಂದು ಉದಾಹರಣೆ, ಟೀಚರ್" ಅಂತ ಕೇಳಿತು. ಹೆಡ್‌ಮಾಸ್ಟರ್ ಮಿಂಕೊವ್ ವಾಸನೆ ಹಿಡಿದು ಬಂದು ಎರಡು ದೀರ್ಘವೃತ್ತ ತಿಂದು ಹೋದರು.

ಶಾಲೆಯ ಸಮಾಚಾರ: ಈ ತಿಂಗಳ ಕೊನೆಗೆ ನಾನು ಕೆಲಸ ಬಿಡುತ್ತಿದ್ದೇನೆ. ನನ್ನ ಜಾಗಕ್ಕೆ ಇನ್ನೂ ಯಾರೂ ಅರ್ಜಿ ಹಾಕಿಲ್ಲ. ಇದು ಬರೀ ಸಮಾಚಾರ.

ಇಂತು ತಮ್ಮ ವಿಶ್ವಾಸಿ,
ರಾದ್ಕಾ ಕರಾಜೊವಾ


ರೂಸೆ
೧೩ ಜೂನ್ ೨೦೧೭

ಮಾನ್ಯ ಶ್ರೀಮತಿ ಕರಾಜೊವಾ ಅವರಿಗೆ,

ತಮ್ಮ ಸುತ್ತೋಲೆ ತಲುಪಿತು. ನನ್ನ ವರದಿ ಹೀಗಿದೆ.

ಶಾಲೆ: ಹೋದ ವರ್ಷ ನಿವೃತ್ತಳಾದೆ. ವಿದ್ಯಾರ್ಥಿಗಳು: ಇಲ್ಲ. ಹೊಸ ಪಾಠೋಪಕರಣ: ಇಲ್ಲ. ನಮ್ಮ ಕಟ್ಟಡದ ಹೆಂಗಸರಿಗೆ ಇಸ್ಪೀಟಿನ ಎಲೆ ಹಿಡಿದು ಸಂಭವನೀಯತೆ ಹೇಳಿಕೊಡಲು ಹೋದೆ. ಈಗ ಅವರು ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಸಂಜೆ ದಾನ್ಯೂಬ್ ದಂಡೆಯಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ. ಹಡಗು ಎಣಿಸುತ್ತೇನೆ. ಮುಗಿಯಿತು.

ಸಾಸೇಜಿನ ಬಗ್ಗೆ ಒಂದು ಮಾತು. ಅದರ ತುದಿಗಳು ದುಂಡಗಿರುತ್ತವೆ, ಆದ್ದರಿಂದ ಪೂರ್ತಿ ಸಾಸೇಜನ್ನು ಸಿಲಿಂಡರು ಅನ್ನುವ ಹಾಗಿಲ್ಲ. ಮಕ್ಕಳಿಗೆ ಇದನ್ನು ಹೇಳಿದ್ದೀರಿ ಅಂದುಕೊಳ್ಳುತ್ತೇನೆ.

ಈ ವರದಿಯಲ್ಲಿ ತಪ್ಪೇನಾದರೂ ಕಂಡರೆ ಎಂದಿನಂತೆ ಚೀಟಿ ಅಚ್ಚು ಹಾಕಿಸಿ ಅಂಟಿಸಿ. ಅಂಟು ಇನ್ನೂ ಮಿಕ್ಕಿರಬೇಕು.

ಬಿಸ್ತ್ರಾ ದೊಂಚೆವಾ

ಮರೆತಿದ್ದೆ. ತಮಗೆ ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಈಗಲೇ ಯಾಕೆ ಬಿಡುತ್ತಿದ್ದೀರಿ?


ಸ್ತಾರೊ ಬ್ರೆಸ್ಟೊವೊ
೨೪ ಜೂನ್ ೨೦೧೭

ಬಿಸ್ತ್ರಾ,

ಈ ಮಾನ್ಯ ಗೀನ್ಯ ಸಾಕು ಕಣೇ. ಕಾಲೇಜಿನ ಹಾಸ್ಟೆಲಲ್ಲಿ ಒಂದೇ ಕೋಟು ಇಬ್ಬರೂ ಸರದಿ ಮೇಲೆ ಹಾಕ್ಕೊಂಡು ನಾಲ್ಕು ಚಳಿಗಾಲ ಕಳೆದೋರು ನಾವು. "ತಾವು" ಅಂತ ಬರೆಯೋವಾಗ ನನಗೇ ನಗು ಬರ್ತಿತ್ತು.

ಯಾಕೆ ಬಿಡ್ತಿದ್ದೀನಿ ಅಂತ ಕೇಳಿದೆಯಲ್ಲ, ಹೇಳ್ತೀನಿ. ನನ್ನ ಗಂಟಲು ಹೋಯ್ತು. ಮೂವತ್ತಾರು ವರ್ಷ ಕಿರುಚಿದ್ದಕ್ಕೆ ಒಳಗೆ ಗಂಟು ಕಟ್ಟಿತ್ತು. ಮೇ ತಿಂಗಳಲ್ಲಿ ಸೋಫಿಯಾಕ್ಕೆ ಹೋಗಿ ತೆಗೆಸಿಕೊಂಡೆ. ಕೆಟ್ಟದ್ದೇನಲ್ಲವಂತೆ, ಗಾಬರಿ ಬೀಳಬೇಡ. ಆದರೆ ಮೂರು ತಿಂಗಳು ತುಟಿ ಎರಡು ಮಾಡಬಾರದು, ಪಿಸುಗುಟ್ಟೋದೂ ಬೇಡ, ಆಮೇಲೂ ತರಗತಿಯಲ್ಲಿ ನಿಂತು ಪಾಠ ಮಾಡೋ ಮಾತೇ ಇಲ್ಲ ಅಂದರು ಡಾಕ್ಟರು. ಹಾಗಾಗಿ ನಿನಗೆ ಫೋನು ಮಾಡಲಿಲ್ಲ. ನೀನು ಎತ್ತಿದ್ದರೂ ನಾನು ಏನು ಮಾತಾಡ್ತಿದ್ದೆ ಹೇಳು?

ಇಡೀ ಊರು ಹಬ್ಬ ಮಾಡ್ತಿದೆ. ರಾದ್ಕಾ ಟೀಚರ್ ಬಾಯಿ ಮುಚ್ಚಿದ್ದಾಳೆ ಅಂತ ಬೇಕರಿಯವಳು ದಿನಾ ಒಂದೊಂದು ಚಾಡಿ ಹೇಳ್ತಾಳೆ. ನಾನು ಕೊರಳಿಗೆ ಸ್ಲೇಟು ನೇತು ಹಾಕ್ಕೊಂಡು ಓಡಾಡ್ತೀನಿ. ಬರೆದು ಮುಗಿಸೋ ಹೊತ್ತಿಗೆ ಎದುರಿಗಿರೋರು ಹೋಗಿಬಿಟ್ಟಿರ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಶಾಲೆಯ ಗಣಿತ ವಿಭಾಗ ನಾನು ಶುರು ಮಾಡಿದ್ದು, ನಿನಗೆ ಗೊತ್ತು. ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರ್ತಾರೆ. ಮಿಂಕೊವ್ ಖಡಾಖಂಡಿತ ಹೇಳಿಬಿಟ್ಟಿದ್ದಾರೆ: ಸೆಪ್ಟೆಂಬರ್ ಒಂದರೊಳಗೆ ಮೇಷ್ಟ್ರು ಸಿಗದಿದ್ದರೆ ಎಂಟನೆಯ ತರಗತಿಗೆ ಗಣಿತ ವಿಭಾಗ ತೆರೆಯೋದಿಲ್ಲ, ದೊಡ್ಡ ತರಗತಿಯ ಮಕ್ಕಳು ಬಸ್ಸು ಹಿಡಿದು ಜಿಲ್ಲಾ ಪಟ್ಟಣಕ್ಕೆ ಹೋಗಲಿ. ಚಳಿಗಾಲದಲ್ಲಿ ಆ ಕಣಿವೆ ರಸ್ತೆ ಮುಚ್ಚಿಹೋಗುತ್ತೆ ಬಿಸ್ತ್ರಾ. ಅರ್ಧ ಮಕ್ಕಳು ಗಣಿತವನ್ನೇ ಬಿಡ್ತಾರೆ. ಜೋರ್ನಿತ್ಸಾ ಅಂತ ಒಬ್ಬಳಿದ್ದಾಳೆ, ಕುರುಬರ ಹುಡುಗಿ, ಈ ಸಲ ಎಂಟಕ್ಕೆ ಬರಬೇಕು. ನಾನು ಬೋರ್ಡಿನ ಮೇಲೆ ಸೊನ್ನೆ ಬಿಟ್ಟರೆ ನಾನು ತಿರುಗೋದರೊಳಗೆ ಕೈ ಎತ್ತಿರ್ತಾಳೆ. ಅವಳಪ್ಪ ಬಸ್ಸಿಗೆ ಕಳಿಸೋದಿಲ್ಲ.

ನೀನೇ ಬಾ ಅಂತ ನಾನು ಕೇಳ್ತಿಲ್ಲ. ರೂಸೆಯಲ್ಲಿ ನಿನ್ನ ಕೈಲಿ ಕಲಿತು ಟೀಚರಾದವರು ಎಷ್ಟೋ ಜನ ಇದ್ದಾರೆ. ಒಂದು ಹೆಸರು ಕೊಡು ಸಾಕು.

ಇನ್ನು ಆ ಚೀಟಿ. ಒಂಬತ್ತು ವರ್ಷ ಅದನ್ನೇ ಹಿಡ್ಕೊಂಡಿದ್ದೀಯಲ್ಲ, ನಾನೂ ಹೇಳಿಬಿಡ್ತೀನಿ. ಲೆಕ್ಕದ ಪುಸ್ತಕ ಇಬ್ಬರೂ ಸೇರಿ ಬರೆದದ್ದು, ಅರ್ಧ ನೀನು, ಅರ್ಧ ನಾನು. ನೂರ ನಲವತ್ತೇಳನೆಯ ಲೆಕ್ಕ ನಿನ್ನದು. ವರ್ಗಮೂಲ ತೆಗೆಯೋ ಸಮೀಕರಣ, ಬಿಡಿಸಿದರೆ ಎರಡು ಉತ್ತರ ಬರುತ್ತೆ, ಎರಡು ಮತ್ತು ಒಂಬತ್ತು. ತಾಳೆ ನೋಡಿದರೆ ಎರಡು ನಿಲ್ಲೋದಿಲ್ಲ, ಒಂಬತ್ತು ಮಾತ್ರ ಸರಿ. ಹಿಂದಿನ ಪುಟದಲ್ಲಿ ನೀನು ಎರಡೂ ಕೊಟ್ಟಿದ್ದೆ. ನನ್ನ ಮಕ್ಕಳು ಹಿಡಿದರು. ಎರಡನೆಯ ಮುದ್ರಣಕ್ಕೆ ನಾನು ತಿದ್ದುಪಡಿ ಚೀಟಿ ಹಾಕಿಸಿದೆ. "ಲೇಖಕಿ ದೊಂಚೆವಾ ಅವರ ಕಣ್ತಪ್ಪು" ಅಂತ ಹೆಸರು ಹಾಕಿದ್ದು ಜಾಸ್ತಿ ಆಯ್ತು, ಒಪ್ಪಿಕೊಳ್ತೀನಿ. ಆದರೆ ತಪ್ಪು ತಪ್ಪೇ ತಾನೇ?

ನಿನ್ನ,
ರಾದ್ಕಾ


ರೂಸೆ
೪ ಜುಲೈ ೨೦೧೭

ರಾದ್ಕಾ,

ಆಪರೇಷನ್ ಮಾಡಿಸಿಕೊಂಡು ಬಂದು ನನಗೆ ಸಾಸೇಜಿನ ಕಥೆ ಬರೀತೀಯ! ನಿನಗೆ ಬುದ್ಧಿ ಯಾವಾಗ ಬರುತ್ತೆ? ಆ ಮೊದಲನೆಯ ಕಾಗದದಲ್ಲಿ ಇದನ್ನು ಬರೆಯೋಕೆ ಜಾಗ ಇರಲಿಲ್ಲವಾ? ಮಗಳು ಇಸ್ಕ್ರಾಗೆ ಫೋನು ಮಾಡಿ ಬೈದೆ. ಅವಳು "ಅಮ್ಮಾ, ನನಗ್ಯಾಕೆ ಬೈತೀಯ" ಅಂದಳು. ಬೇರೆ ಯಾರಿಗೆ ಬೈಯಲಿ, ನಿನಗೆ ಬೈದರೆ ಉತ್ತರ ಕೊಡೋಕೆ ಬಾಯಿಲ್ಲ.

ಜೊತೆಗೆ ಕಳಿಸಿರೋ ಪೊಟ್ಟಣದಲ್ಲಿ ಗಂಟಲಿಗೆ ಅಂತ ಲಿಂಡೆನ್ ಹೂವು ಇದೆ, ನಮ್ಮ ಬೀದಿಯ ಮರದ್ದೇ, ನಾನೇ ಒಣಗಿಸಿದ್ದು. ಕುದಿಸಿ ಜೇನು ಹಾಕಿ ಕುಡಿ. ಬಿಸಿಬಿಸಿ ಬೇಡ, ಬೆಚ್ಚಗೆ ಕುಡಿ. ಐಸ್‌ಕ್ರೀಮ್ ಮುಟ್ಟಬೇಡ, ನಿನ್ನ ಚಪಲ ನನಗೆ ಗೊತ್ತು.

ಈಗ ನೂರ ನಲವತ್ತೇಳು. ನೀನು ಕೇಳಿದ್ದಕ್ಕೆ ಹೇಳ್ತಿದ್ದೀನಿ. ಅದು ತಪ್ಪಲ್ಲ, ಬಲೆ. ಕಾಲೇಜಲ್ಲಿ ನಮ್ಮ ಮುದುಕ ಪ್ರೊಫೆಸರು ಹೇಳ್ತಿರಲಿಲ್ಲವೇ, ಉತ್ತರಗಳ ಪಟ್ಟಿಯಲ್ಲಿ ಎಲ್ಲಾದರೂ ಒಂದು ಸುಳ್ಳು ಇಡಿ, ಹಿಂದಿನ ಪುಟ ನೋಡಿ ನಕಲು ಮಾಡೋ ಹುಡುಗ ತಾನಾಗಿ ಬಂದು ಬೀಳ್ತಾನೆ ಅಂತ? ಆವತ್ತು ನೀನು ತೂಕಡಿಸ್ತಿದ್ದೆ. ಎರಡೂ ಉತ್ತರ ಬರೆದು ತಂದವನು ತಾಳೆ ನೋಡಿಲ್ಲ, ನಕಲು ಹೊಡೆದಿದ್ದಾನೆ ಅಂತ ಅರ್ಥ. ಅದು ಎಂಥ ಒಳ್ಳೆಯ ಬಲೆ! ಅದನ್ನು ನೀನು ಮುನ್ನೂರು ಪ್ರತಿಗೆ ಅಂಟು ಹಚ್ಚಿ ಹಾಳು ಮಾಡಿದೆ. ನನ್ನ ಸ್ಟಾಫ್‌ರೂಮಿನಲ್ಲಿ ಆ ಚೀಟಿಯನ್ನು ಗೋಡೆಗೆ ಹಚ್ಚಿದ್ದರು ಗೊತ್ತಾ? ಇಪ್ಪತ್ತೈದು ವರ್ಷ ಒಂದೂ ತಪ್ಪು ಮಾಡದೋಳು ಅಂತ ನನ್ನನ್ನು ಕಂಡರೆ ಹೆದರ್ತಿದ್ದವರು ಆ ದಿನದಿಂದ ನಗ್ತಾ ಮಾತಾಡಿಸಿದರು.

ಬಲೆ ಅಂತ ಆವಾಗಲೇ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಹೇಳಿದ್ದರೆ ಯಾರು ನಂಬ್ತಿದ್ದರು? ಕೆಳಗೆ ಬಿದ್ದೋಳು ಮೀಸೆ ಮಣ್ಣಾಗಲಿಲ್ಲ ಅಂದ ಹಾಗಾಗ್ತಿತ್ತು.

ಹೆಸರು ಕೇಳಿದ್ದೀಯ. ಹೆಸರಿಲ್ಲ. ನನ್ನ ಹುಡುಗಿಯರಲ್ಲಿ ಮೂವರನ್ನು ವಿಚಾರಿಸಿದೆ. ಬೆಟ್ಟದೂರು ಅಂದ ತಕ್ಷಣ ಒಬ್ಬಳಿಗೆ ಮದುವೆ ನೆನಪಾಯಿತು, ಇಬ್ಬರಿಗೆ ಅತ್ತೆ ನೆನಪಾದರು.

ಬಿಸ್ತ್ರಾ


ಸ್ತಾರೊ ಬ್ರೆಸ್ಟೊವೊ
೧೫ ಜುಲೈ ೨೦೧೭

ನನ್ನ ಬಿಸ್ತ್ರಾ,

ಸದ್ದಿಲ್ಲದೆ ನಗೋದು ಎಷ್ಟು ಕಷ್ಟ ಅಂತ ನಿನ್ನೆ ಗೊತ್ತಾಯ್ತು. ನಿನ್ನ ಕಾಗದ ಓದಿ ಅಂಗಳದ ಬೆಂಚಿನ ಮೇಲೆ ಹೊಟ್ಟೆ ಹಿಡ್ಕೊಂಡು ಉರುಳಾಡಿದೆ. ಪಕ್ಕದ ಮನೆ ಮುದುಕ ಬೇಲಿ ಹಾರಿ ಬಂದ, ನನಗೆ ಲಕ್ವ ಹೊಡೀತು ಅಂದುಕೊಂಡು.

ತೂಕಡಿಸ್ತಿದ್ದೆ ಅಂತೀಯಲ್ಲ, ಇಲ್ಲ ಕಣೇ. ಪುಸ್ತಕ ತೆಗೆದು ಇನ್ನೂರ ಮೂರನೆಯ ಲೆಕ್ಕ ನೋಡು. ಅದು ನನ್ನದು. ಮೂರು, ನಾಲ್ಕು, ಎಂಟು ಸೆಂಟಿಮೀಟರು ಬಾಹುಗಳಿರೋ ತ್ರಿಕೋನದ ವಿಸ್ತೀರ್ಣ ಎಷ್ಟು ಅಂತ ಕೇಳಿದೆ. ಹಿಂದಿನ ಪುಟದಲ್ಲಿ ಗಂಭೀರವಾಗಿ ಒಂದು ಸಂಖ್ಯೆ ಕೊಟ್ಟಿದ್ದೀನಿ. ಅಂಥ ತ್ರಿಕೋನ ಭೂಮಿ ಮೇಲೆ ಎಲ್ಲಿದೆ? ಅದು ನನ್ನ ಬಲೆ! ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಪುಸ್ತಕದಲ್ಲಿ ಬಲೆ ಹಾಕಿದ್ದೀವಿ. ನೀನು ಹತ್ತು ವರ್ಷ ಆ ಪುಸ್ತಕ ಪಾಠ ಮಾಡಿದೆ, ಒಂದು ದಿನವೂ ಅದನ್ನು ಗಮನಿಸಲಿಲ್ಲವಾ?

ಈಗ ನಗು ಸಾಕು, ಒಂದು ಮಾತು ಹೇಳಬೇಕು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ, ಬಾಯಿ ಮುಚ್ಚಿಕೊಂಡು ಕೂತ ಮೇಲೆ ನನ್ನ ಬಣ್ಣ ನನಗೇ ಕಾಣ್ತಿದೆ. ಆ ನೂರ ನಲವತ್ತೇಳು ಸಿಕ್ಕಾಗ ನಾನು ನಿನಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಯಾಕೆ ಅಂದರೆ ನನಗೆ ಖುಷಿಯಾಗಿತ್ತು. ಕಾಲೇಜಿಂದಲೂ ಯಾವಾಗಲೂ ನೀನೇ ಸರಿ, ನಾನು ಎರಡನೆಯವಳು. ಒಂದು ಸಲ, ಒಂದೇ ಒಂದು ಸಲ ನೀನು ತಪ್ಪಿದ್ದೆ ಅಂತ ಊರಿಗೆಲ್ಲ ತೋರಿಸೋ ಆಸೆ. ಚೀಟಿ ಅಂಟಿಸೋವಾಗ ಹಾಡು ಹೇಳಿಕೊಳ್ತಿದ್ದೆ ಬಿಸ್ತ್ರಾ. ಅದು ನನ್ನ ಸಣ್ಣತನ. ನನ್ನನ್ನು ಕ್ಷಮಿಸು.

ಹೋದ ಕಾಗದದಲ್ಲಿ ನೀನೇ ಬಾ ಅಂತ ಕೇಳ್ತಿಲ್ಲ ಅಂದಿದ್ದೆ. ಅದು ಸುಳ್ಳು. ಮೊದಲನೆಯ ಕಾಗದ ಬರೆಯೋವಾಗಲೂ ಅದೇ ಮನಸ್ಸಲ್ಲಿದ್ದದ್ದು. ಬಂದುಬಿಡೇ. ಒಂದೇ ವರ್ಷ. ನಮ್ಮ ಮನೆಯ ಮೇಲಂತಸ್ತು ಖಾಲಿ ಇದೆ. ನೀನು ಪಾಠ ಮಾಡು, ನಾನು ಕೂತು ಉತ್ತರಪತ್ರಿಕೆ ತಿದ್ದುತ್ತೀನಿ. ಕೈಗೇನೂ ಆಗಿಲ್ಲವಲ್ಲ.

ರಾದ್ಕಾ


ರೂಸೆ
೨ ಆಗಸ್ಟ್ ೨೦೧೭

ರಾದ್ಕಾ,

ಇನ್ನೂರ ಮೂರನ್ನು ಗಮನಿಸಲಿಲ್ಲವಾ ಅಂತ ಕೇಳಿದೆ. ನೀನು ಚೀಟಿ ಅಂಟಿಸಿದ ವರ್ಷವೇ ಗಮನಿಸಿದೆ. ಮೂರು ನಾಲ್ಕು ಕೂಡಿದರೂ ಎಂಟು ಮುಟ್ಟೋದಿಲ್ಲ ಅಂತ ನಿಮ್ಮೂರ ಕುರಿಗೂ ಗೊತ್ತು. ಆಗ ನಮ್ಮಿಬ್ಬರಿಗೆ ಮಾತು ನಿಂತು ಮೂರು ತಿಂಗಳಾಗಿತ್ತು. ಚೀಟಿ ಅಂಟಿಸೋಕೆ ನನಗೂ ಒಳ್ಳೆಯ ಅವಕಾಶ. ಅಂಟಿಸಲಿಲ್ಲ. ರಾದ್ಕಾ ಇಂಥ ತಪ್ಪು ಮಾಡೋಳಲ್ಲ, ಬೇಕಂತಲೇ ಇಟ್ಟಿದ್ದಾಳೆ ಅನ್ನೋದರಲ್ಲಿ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಹೋದ ವರ್ಷದವರೆಗೂ ಆ ಬಲೆಯಲ್ಲಿ ಹುಡುಗರನ್ನು ಹಿಡಿದಿದ್ದೀನಿ, ಬಹಳ ಚೆನ್ನಾಗಿ ಬೀಳ್ತಾರೆ.

ನಿನ್ನ ಕ್ಷಮೆಯ ಮಾತು ಓದಿದೆ. ಅಡುಗೆಮನೆಯಲ್ಲಿ ನಿಂತು ಓದಿದೆ, ಆಮೇಲೆ ಕೂತು ಓದಿದೆ. ಅದಕ್ಕೆ ಉತ್ತರ ಬರೆಯೋದು ನನ್ನಿಂದಾಗ್ತಿಲ್ಲ. ಬರೆಯೋಕೆ ಹೋದರೆ ಏನೇನೋ ಬರುತ್ತೆ. ಸದ್ಯಕ್ಕೆ ಹೀಗೆ ಇರಲಿ.

ಬರೋ ವಿಚಾರ. ನನಗೆ ಅರವತ್ತೆರಡು. ಮಂಡಿ ನೋವು. ನಿಮ್ಮೂರಲ್ಲಿ ನಾಟಕಶಾಲೆ ಇಲ್ಲ, ನದಿ ಇಲ್ಲ, ಹೆಡ್‌ಮಾಸ್ಟರು ಪಾಠೋಪಕರಣ ತಿನ್ನೋ ಮನುಷ್ಯ. ಇಸ್ಕ್ರಾ ವಾರ್ನಾಕ್ಕೆ ಬಂದು ಸಮುದ್ರದ ಹತ್ತಿರ ಇರು ಅಂತಿದ್ದಾಳೆ. ಈ ವಿಷಯ ಇನ್ನು ನನ್ನ ಕೇಳಬೇಡ. ಕೇಳಿದರೆ ನನಗೆ ಕೋಪ ಬರುತ್ತೆ.

ಹೂವು ಕುಡೀತಿದ್ದೀಯ ತಾನೇ?

ಬಿಸ್ತ್ರಾ


ಸ್ತಾರೊ ಬ್ರೆಸ್ಟೊವೊ
೨೯ ಆಗಸ್ಟ್ ೨೦೧೭

ಎಲೇ ಕಳ್ಳಿ,

ಇದನ್ನು ನಿನಗೆ ಕೂಗಿ ಹೇಳಬೇಕಿತ್ತು, ಡಾಕ್ಟರು ಬಿಡೋದಿಲ್ಲ, ಬರೀತಿದ್ದೀನಿ.

ನೀನು ಕೇಳಬೇಡ ಅಂದೆ, ನಾನು ಕೇಳಲಿಲ್ಲ. ಎರಡು ಸಲ ಕಾಗದ ಬರೆದು ಹರಿದೆ. ಮಿಂಕೊವ್ ಕಡೆಯಿಂದಲೂ ಸುದ್ದಿ ಇಲ್ಲ. ಪೋಷಕರು ಬಸ್ ಪಾಸಿನ ವಿಚಾರ ಮಾತಾಡೋಕೆ ಶುರು ಮಾಡಿದರು. ಮೊನ್ನೆ ಜೋರ್ನಿತ್ಸಾಳ ಅಪ್ಪ ಬಂದು ಒಂದು ಗಡಿಗೆ ಮೊಸರು ಕೊಟ್ಟು, "ನೀವು ಬೇಜಾರು ಮಾಡ್ಕೋಬೇಡಿ ಟೀಚರ್, ಕುರಿ ಎಣಿಸೋಕೆ ಬರೋ ಅಷ್ಟು ಕಲಿತಿದ್ದಾಳೆ" ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವನು ಹೋದ ಮೇಲೆ ನಾನು ಅತ್ತೆ. ಮೂವತ್ತಾರು ವರ್ಷ ಮಾಡಿದ್ದು ಇಷ್ಟೇನಾ ಅನ್ನಿಸಿತು.

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಚಳಿಗಾಲಕ್ಕೆ ದಪ್ಪಮೆಣಸಿನಕಾಯಿ ಸುಡ್ತಾ ಕೂತಿದ್ದೆ, ಮುಖವೆಲ್ಲ ಮಸಿ. ಮಿಂಕೊವ್ ಒಂದು ಕಾಗದ ಹಿಡಿದು ಬಂದರು. "ರಾದ್ಕಾ ಟೀಚರ್, ಇಲಾಖೆಯಿಂದ ಒಪ್ಪಿಗೆ ಬರೋವರೆಗೂ ಯಾರಿಗೂ ಹೇಳಬಾರದು ಅಂತ ಷರತ್ತು ಹಾಕಿದ್ದರು, ಇವತ್ತು ಬಂತು" ಅಂದರು. ಕಾಗದ ನೋಡಿದೆ. ನಿನ್ನ ಅಕ್ಷರ! ಕೆಳಗೆ ತಾರೀಖು, ಜುಲೈ ಇಪ್ಪತ್ತು. ನನ್ನ ಕಾಗದ ಕೈಗೆ ಸಿಕ್ಕ ತಕ್ಷಣ ಅರ್ಜಿ ಬರೆದು ಕಳಿಸಿದ್ದೀಯ. ಆಮೇಲೆ ಎರಡು ವಾರ ಬಿಟ್ಟು ನನಗೆ ಮಂಡಿ ನೋವು, ವಾರ್ನಾ, ಸಮುದ್ರ!

ಯಾಕೆ ಮುಚ್ಚಿಟ್ಟೆ ಅಂತ ನನಗೆ ಗೊತ್ತು. ರಾದ್ಕಾಳ ಶಿಫಾರಸಿನಿಂದ ಬಂದಳು ಅಂತ ಯಾರೂ ಅನ್ನಬಾರದು, ಅಷ್ಟೇ ತಾನೇ? ಈ ವಯಸ್ಸಲ್ಲೂ ನೀನು ಹಿಡಿದ ಮೊಲಕ್ಕೆ ಮೂರೇ ಕಾಲು.

ನನಗೆ ಈ ವಾರದಿಂದ ದಿನಕ್ಕೆ ಹತ್ತು ಮಾತಿಗೆ ಅನುಮತಿ ಸಿಕ್ಕಿದೆ. ಅಷ್ಟನ್ನೂ ಮಿಂಕೊವ್ ಎದುರಿಗೆ ಖರ್ಚು ಮಾಡಿದೆ. "ಬರ್ತಾಳೆ" ಅಂತ ಹತ್ತು ಸಲ ಅಂದೆ. ಅವರು ಒಂದು ಮೆಣಸಿನಕಾಯಿ ತಿಂದು ಹೋದರು.

ಮೇಲಂತಸ್ತಿಗೆ ಸುಣ್ಣ ಹೊಡೆಸ್ತಿದ್ದೀನಿ. ನೀನು ಬರೋ ವಾರ ನಾನು ಊರಲ್ಲಿ ಇರೋದಿಲ್ಲ, ಅದೊಂದು ದುಃಖ. ಸೆಪ್ಟೆಂಬರ್ ಹನ್ನೊಂದಕ್ಕೆ ಸೋಫಿಯಾಕ್ಕೆ ಹೋಗಬೇಕು, ಒಂದು ವಾರ ಧ್ವನಿಯ ವ್ಯಾಯಾಮ ಕಲಿಸ್ತಾರಂತೆ. ಬೀಗದ ಕೈ ಬೇಕರಿಯವಳ ಹತ್ತಿರ ಇದೆ. ಅವಳ ಜೊತೆ ಇಸ್ಪೀಟು ಮಾತ್ರ ಆಡಬೇಡ. ಮೊದಲನೆಯ ದಿನದ್ದೆಲ್ಲ ನನಗೆ ಬರೆದು ಕಳಿಸು, ಒಂದೂ ಬಿಡಬಾರದು.

ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ,
ರಾದ್ಕಾ


ಸ್ತಾರೊ ಬ್ರೆಸ್ಟೊವೊ
೧೬ ಸೆಪ್ಟೆಂಬರ್ ೨೦೧೭

ಪ್ರೀತಿಯ ರಾದ್ಕಾ,

ನಿನ್ನ ಮನೆ ಚೆನ್ನಾಗಿದೆ. ಚಹಾ ಕಪ್ಪುಗಳೆಲ್ಲ ಒಡಕು. ಸುಣ್ಣ ಹೊಡೆದವನು ಮೂಲೆ ಬಿಟ್ಟಿದ್ದಾನೆ, ನಾನೇ ಮುಗಿಸಿದೆ.

ನಿನ್ನೆ ಶಾಲೆ ಶುರುವಾಯ್ತು. ಬಾಗಿಲಲ್ಲಿ ರೊಟ್ಟಿ ಉಪ್ಪು ಕೊಟ್ಟು ಸ್ವಾಗತ ಮಾಡಿದರು. ಮಕ್ಕಳು ತಂದ ಹೂವು ಇಡೋಕೆ ಜಾಗ ಸಾಲದೆ ನೆಲ ಒರೆಸೋ ಬಕೆಟ್ಟು ತರಿಸಿದೆ. ಅರ್ಧ ಮಕ್ಕಳು "ಇದು ರಾದ್ಕಾ ಟೀಚರಿಗೆ, ಅವರು ಬರೋವರೆಗೂ ನೀರು ಹಾಕಿ" ಅಂತ ನನ್ನ ಕೈಲಿ ಕೊಟ್ಟರು. ಮೊದಲನೆಯ ದಿನವೇ ನಿನ್ನ ತೋಟದ ಮಾಲಿ ಮಾಡಿದರು ನನ್ನ. ಡೇಲಿಯಾ ಬಾಡ್ತಿದೆ, ಬೇಗ ಬಾ.

ಎಂಟನೆಯ ತರಗತಿ ತೆರೆಯಿತು ರಾದ್ಕಾ. ಹತ್ತೊಂಬತ್ತು ಜನ. ಮೊದಲನೆಯ ಬೆಂಚಿನಲ್ಲಿ ನಿನ್ನ ಜೋರ್ನಿತ್ಸಾ. ಅವಳಪ್ಪ ಕುರಿ ಬಿಟ್ಟು ಬಂದು ಹಿಂದುಗಡೆ ಬಾಗಿಲ ಹತ್ತಿರ ಟೊಪ್ಪಿ ತೆಗೆದು ನಿಂತಿದ್ದ. ಕೂರಪ್ಪ ಅಂದರೆ ಕೂರಲಿಲ್ಲ.

ಇನ್ನು ಕೇಳು. ಒಂದು ವರ್ಷದ ಮೇಲೆ ಸೀಮೆಸುಣ್ಣ ಹಿಡಿದಿದ್ದು. ಬೋರ್ಡಿನ ಮೇಲೆ ಒಂದು ಚಿಕ್ಕ ಲೆಕ್ಕ ಹಾಕಿದೆ, ಏಳನೆಯ ತರಗತಿಯದ್ದು, ಸುಮ್ಮನೆ ಕೈ ಕುದುರಲಿ ಅಂತ. ಬಿಡಿಸ್ತಾ ಹೋದೆ. ಕೊನೆಗೆ ತಿರುಗಿ ನೋಡಿದರೆ ಜೋರ್ನಿತ್ಸಾ ಕೈ ಎತ್ತಿದ್ದಾಳೆ. ಎರಡನೆಯ ಸಾಲಿನಲ್ಲಿ ಋಣಚಿಹ್ನೆ ಬಿಟ್ಟುಬಿಟ್ಟಿದ್ದೆ. ಹತ್ತೊಂಬತ್ತು ಜನವೂ ಅದನ್ನೇ ನೋಡ್ತಿದ್ದಾರೆ, ಬಾಗಿಲಲ್ಲಿ ಅವಳಪ್ಪ ಬೇರೆ. ನೀನು ಈ ಮಕ್ಕಳಿಗೆ ಏನು ಕಲಿಸಿದ್ದೀಯೋ, ಆ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು:

"ಟೀಚರ್, ಇದು ಬಲೆಯಾ?"

ಹೌದು ಅಂದುಬಿಡೋದು ಎಷ್ಟು ಸುಲಭ ಇತ್ತು ಗೊತ್ತಾ! ಶಭಾಷ್, ನಿಮ್ಮನ್ನು ಪರೀಕ್ಷೆ ಮಾಡ್ತಿದ್ದೆ ಅಂದಿದ್ದರೆ ಮುಗೀತಿತ್ತು. ಬಾಯಿ ತುದಿಗೆ ಬಂದಿತ್ತು.

"ಇಲ್ಲ ಮಗು," ಅಂದೆ, "ನಿಜವಾಗಲೂ ತಪ್ಪಿದೆ. ಬಾ, ತಿದ್ದು."

ಅವಳು ಬಂದು ತಿದ್ದಿದಳು. ಏನೂ ಆಗಲಿಲ್ಲ ರಾದ್ಕಾ. ಯಾರೂ ನಗಲಿಲ್ಲ, ಗೋಡೆ ಬೀಳಲಿಲ್ಲ. ಮಕ್ಕಳು ಮುಂದಿನ ಲೆಕ್ಕ ಕೊಡಿ ಅಂದರು. ಅವಳಪ್ಪ ಟೊಪ್ಪಿ ಹಾಕ್ಕೊಂಡು ತಲೆ ಎತ್ತಿ ನಡೆದುಹೋದ, ನನಗಿಂತ ಅವನಿಗೇ ಹೆಚ್ಚು ಖುಷಿ. ನನಗೆ ಎಷ್ಟು ಹಗುರ ಅನ್ನಿಸಿತು ಅಂದರೆ ಮನೆಗೆ ಬರೋವಾಗ ಮಂಡಿ ನೋವೇ ಮರೆತಿದ್ದೆ.

ಬೇಸಿಗೆಯಲ್ಲಿ ನಿನ್ನ ಕಾಗದಕ್ಕೆ ಉತ್ತರ ಬರೆಯೋಕಾಗ್ತಿಲ್ಲ ಅಂದಿದ್ದೆನಲ್ಲ, ಅದನ್ನು ಈಗ ಬರೀತೀನಿ. ನೂರ ನಲವತ್ತೇಳು ಬಲೆಯಲ್ಲ. ಆವತ್ತು ಪ್ರೆಸ್ಸಿಗೆ ಹೊತ್ತಾಗಿತ್ತು, ನಾನು ತಾಳೆ ನೋಡಿರಲಿಲ್ಲ. ತಪ್ಪು ನನ್ನದು. ಚೀಟಿ ಸರಿಯಾಗೇ ಇತ್ತು.

ನಿನ್ನ,
ಬಿಸ್ತ್ರಾ